ಹ್ಯೂಮನ್ ಪ್ಯಾಪಿಲೋಮಾ ವೈರಸ್ (ಎಚ್‌ಪಿವಿ): ಹರಡುವಿಕೆ ಮತ್ತು ಉಳಿವು

ಚರ್ಮ ಹಾಗೂ ಲೋಳೆಪೊರೆಗೆ ತಗಲುವ ವೈರಸ್‌ಗಳ ಗುಂಪು. 200ಕ್ಕೂ ಹೆಚ್ಚು ಬಗೆಗಳಿವೆ. ಜನನಾಂಗದ ಬಗೆಗಳು ಲೈಂಗಿಕ ಸಂಪರ್ಕದಲ್ಲಿ ಚರ್ಮಕ್ಕೆ ಚರ್ಮ ತಾಗಿ ಹರಡುವುದರಿಂದ ಕಾಂಡೋಮ್ ಪೂರ್ಣ ರಕ್ಷಣೆ ಕೊಡದು. ಸೂಕ್ಷ್ಮ ಗಾಯಗಳ ಮೂಲಕ ತಳಪದರದ ಜೀವಕೋಶಗಳನ್ನು ಸೇರುವ ವೈರಸ್ ರಕ್ತಕ್ಕಿಳಿಯದೆ, ಉರಿಯೂತ ಎಬ್ಬಿಸದೆ, ರೋಗನಿರೋಧಕ ವ್ಯವಸ್ಥೆಯ ಕಣ್ಣು ತಪ್ಪಿಸುತ್ತದೆ. ಲಕ್ಷಣಗಳೇ ಇಲ್ಲದವರು ಅರಿಯದೆ ದಾಟಿಸುವುದರಿಂದ ಸಮುದಾಯದಲ್ಲಿ ಹರಡುವಿಕೆಯ ಸರಪಳಿ ತಾನಾಗಿ ಕಡಿಯುವುದಿಲ್ಲ. ಹೆಚ್ಚಿನ ಸೋಂಕುಗಳು ಎರಡು ವರ್ಷದೊಳಗೆ ತಾವಾಗಿ ಅಡಗುತ್ತವೆ. ಆದರೆ ವರ್ಷಗಟ್ಟಲೆ ಉಳಿದುಬಿಡಬಲ್ಲ 16 ಮತ್ತು 18ನೇ ಬಗೆಗಳು ಗರ್ಭಕಂಠದ ಕ್ಯಾನ್ಸರ್ ಪ್ರಕರಣಗಳಲ್ಲಿ ಸುಮಾರು ಶೇ 70ಕ್ಕೆ ಕಾರಣ. ಸೋಂಕು ಯಾರಿಂದ, ಯಾವಾಗ ತಗಲಿತೆಂದು ಪರೀಕ್ಷೆ ಹೇಳಲಾರದು. ಹಾಗಾಗಿ ಪರೀಕ್ಷೆಯ ಫಲಿತಾಂಶ ಹಿಡಿದು ಹೆಣ್ಣನ್ನು ಶಂಕಿಸುವುದು ಅನ್ಯಾಯ. ಹರಡುವಿಕೆಯನ್ನು ಲಸಿಕೆ ತಗ್ಗಿಸಬಲ್ಲದು: ಆಸ್ಟ್ರೇಲಿಯಾ 2007ರಲ್ಲಿ ಹುಡುಗಿಯರಿಗೆ ಎಚ್‌ಪಿವಿ ಲಸಿಕೆ ಆರಂಭಿಸಿದ ಮೇಲೆ, ಲಸಿಕೆ ಪಡೆಯದ ಯುವಕರಲ್ಲೂ ಈ ವೈರಸ್‌ನಿಂದಾಗುವ ಜನನಾಂಗದ ನರಹುಲಿ ಗಣನೀಯವಾಗಿ ಇಳಿಯಿತು.