ಗಂಜಿಯೂ ಸೈಜೂ: ಒಂದು ಪದದ ಚರಿತ್ರೆ

ಪಂಚಗಂಗೆಯ ದಡದ ನಮ್ಮ ಇಚಲಕರಂಜಿಯನ್ನು ‘ಮಹಾರಾಷ್ಟ್ರದ ಮ್ಯಾಂಚೆಸ್ಟರ್’ ಎಂದು ಕರೆಯುವುದು ರೂಢಿ. ಆ ಬಿರುದಿನ ಮೂಲ 1904ರಷ್ಟು ಹಿಂದಕ್ಕೆ ಹೋಗುತ್ತದೆ. ಶ್ರೀ ವಿಠ್ಠಲರಾವ್ ದಾತಾರರು ಈ ಊರಿನಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ಹೂಡಿದ್ದು ಆ ವರ್ಷ. ಅಂದಿನ ಜಹಗೀರುದಾರರಾದ ನಾರಾಯಣರಾವ್ ಬಾಬಾಸಾಹೇಬ ಘೋರ್ಪಡೆಯವರು ಉದ್ಯಮಕ್ಕೂ ವಿದ್ಯೆಗೂ ಸಮಾನವಾಗಿ ಆಸರೆಯಾದರು. ಮಗ್ಗಗಳು ಹೆಚ್ಚಿದಂತೆ ರಬಕವಿ-ಬನಹಟ್ಟಿಯಂಥ ನೇಕಾರರ ಊರುಗಳಿಂದ ಕನ್ನಡದ ಕುಟುಂಬಗಳೂ ಇಲ್ಲಿಗೆ ಬಂದು ನೆಲೆಸಿದವು. ಇಂದು ಈ ಸಮ್ಮೇಳನದಲ್ಲಿ ಕುಳಿತಿರುವ ನಮ್ಮಲ್ಲಿ ಅನೇಕರು ಆ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು.

ಮಗ್ಗದೊಡನೆ ಇಂಗ್ಲಿಷ್ ಪದಗಳೂ ಬಂದವು. ಅವುಗಳಲ್ಲಿ ಒಂದರ ಅರ್ಥವನ್ನು ನಾವು ಎಷ್ಟು ತಡವಾಗಿ ಕಲಿತೆವೆಂಬುದನ್ನು ಇಲ್ಲಿ ನಿವೇದಿಸಬಯಸುತ್ತೇವೆ.

ನಾಲ್ಕು ದಶಕಗಳ ಹಿಂದಿನ ಮಾತು. ನಾವು ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದೆವು. ವಾರ್ಷಿಕ ಪರೀಕ್ಷೆಯಲ್ಲಿ ‘ಸೈಜ್’ ಎಂಬ ಪದವನ್ನು ವಾಕ್ಯದಲ್ಲಿ ಬಳಸಿರೆಂದು ಕೇಳಿದ್ದೆವು. ಅಂಗಿಯ ಸೈಜ್, ಚಪ್ಪಲಿಯ ಸೈಜ್ ಎಂದು ಎಲ್ಲರೂ ಬರೆದಿದ್ದರು. ಒಬ್ಬ ಹುಡುಗ ಮಾತ್ರ ‘ಮೈ ಫಾದರ್ ಪುಟ್ಸ್ ಸೈಜ್ ಆನ್ ಯಾರ್ನ್’ ಎಂದು ಬರೆದಿದ್ದ. ನಾವು ಅದರ ಮೇಲೆ ಕೆಂಪು ಗೆರೆ ಎಳೆದು ಸೊನ್ನೆ ಹಾಕಿದೆವು. ಅಷ್ಟಕ್ಕೆ ಸುಮ್ಮನಿರದೆ ತರಗತಿಯಲ್ಲಿ ಆ ವಾಕ್ಯವನ್ನು ಗಟ್ಟಿಯಾಗಿ ಓದಿ, “ಅಳತೆಯನ್ನು ನೂಲಿನ ಮೇಲೆ ಇಡುವವರು ಯಾರಪ್ಪಾ?” ಎಂದು ಕೇಳಿದೆವು. ಯಾರೂ ನಗಲಿಲ್ಲ. ತರಗತಿಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ನೇಕಾರರ ಮನೆಯವರು. ಆ ಮೌನವೇ ನಮಗೆ ತಿಳಿವಳಿಕೆ ಕೊಡಬೇಕಿತ್ತು. ಹುಡುಗ ತಲೆ ತಗ್ಗಿಸಿ, “ಅಪ್ಪ ಸೈಜಿಂಗ್‌ನ್ಯಾಗ ದುಡೀತಾನ್ರೀ ಸರ್. ಅಲ್ಲೆ ನೂಲಿಗೆ ಗಂಜಿ ಹಚ್ಚತಾರ್ರೀ” ಎಂದ.

ಅಂದು ರಾತ್ರಿ ನಿಘಂಟನ್ನು ತೆರೆದೆವು. ‘ಸೈಜ್’ ಎಂಬ ಪದ ಅಲ್ಲಿ ಎರಡು ಬಾರಿ ಇತ್ತು. ಮೊದಲನೆಯದು ಗಾತ್ರ, ಅಳತೆ. ಎರಡನೆಯದು ನೂಲಿಗೆ, ಕಾಗದಕ್ಕೆ, ಗೋಡೆಗೆ ಬಳಿಯುವ ಅಂಟು ಅಥವಾ ಗಂಜಿ. ಬಿ.ಎ., ಬಿ.ಎಡ್. ಮುಗಿಸಿದ್ದ ನಾವು ಮೊದಲ ನಮೂದಿನಲ್ಲೇ ನಿಂತುಬಿಟ್ಟಿದ್ದೆವು. ಹುಡುಗ ಎರಡನೆಯ ನಮೂದಿನ ಮನೆಯಲ್ಲೇ ಬೆಳೆದಿದ್ದ.

ಮುಂದಿನ ಭಾನುವಾರ ಆ ಹುಡುಗನ ತಂದೆ ದುಡಿಯುತ್ತಿದ್ದ ಕಡೆಗೆ ಹೋದೆವು. ಮಗ್ಗದಲ್ಲಿ ಹಾಸಿನ ಎಳೆಗಳು ಹಣಿಗೆಯ ನಡುವೆ ಸಾವಿರಾರು ಬಾರಿ ಉಜ್ಜಲ್ಪಡುತ್ತವೆ. ಹಸಿ ನೂಲಾದರೆ ಎಳೆ ಎದ್ದು ಹರಿಯುತ್ತದೆ. ಆದ್ದರಿಂದ ಎಳೆಗಳನ್ನು ಒಟ್ಟಾಗಿ ಬಿಸಿ ಗಂಜಿಯ ತೊಟ್ಟಿಯಲ್ಲಿ ಮುಳುಗಿಸಿ, ಉರುಳೆಗಳ ನಡುವೆ ಹಿಂಡಿ, ಹಬೆಯಿಂದ ಕಾದ ಸಿಲಿಂಡರುಗಳ ಮೇಲೆ ಒಣಗಿಸಿ, ಎಳೆ ಎಳೆ ಬೇರ್ಪಡಿಸಿ ಬೀಮಿಗೆ ಸುತ್ತುತ್ತಾರೆ. ಹೊಕ್ಕಿನ ನೂಲಿಗೆ ಸಾಮಾನ್ಯವಾಗಿ ಈ ಸಂಸ್ಕಾರವಿಲ್ಲ. ಬಟ್ಟೆ ನೇಯ್ದಾದ ಮೇಲೆ ಗಂಜಿಯನ್ನು ತೊಳೆದು ತೆಗೆಯುತ್ತಾರೆ. ಕೈಮಗ್ಗದ ಕಾಲದಲ್ಲಿ ಇದೇ ಕೆಲಸ ಬೀದಿಯಲ್ಲಿ ನಡೆಯುತ್ತಿತ್ತು. ಹಾಸನ್ನು ಉದ್ದಕ್ಕೆ ಬಿಗಿದು ಕುಂಚದಿಂದ ಗಂಜಿ ಹಚ್ಚುತ್ತಿದ್ದರು. ಹುಡುಗನ ತಂದೆ ನಮಗೆ ಹೇಳಿದ ಮಾತು ಇದು: “ನಿಮ್ಮ ಇಂಗ್ಲೀಷು ನನಗ ಗೊತ್ತಿಲ್ರೀ ಗುರುಗಳ. ಗಂಜಿ ಹೆಚ್ಚಾದ್ರ ನೂಲು ಮುರೀತದ, ಕಡಿಮಿ ಆದ್ರ ಹರೀತದ.” ಎರಡನೆಯ ನಮೂದಿಗೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾವು ಮುಂದೆ ಎಲ್ಲಿಯೂ ಓದಲಿಲ್ಲ.

ಈ ಎರಡು ಅರ್ಥಗಳಿಗೆ ಸಂಬಂಧವೇನು? ಅಳತೆಯ ‘ಸೈಜ್’ ಹುಟ್ಟಿದ್ದು ‘ಅಸೈಜ್’ ಎಂಬ ಹಳೆಯ ಪದದಿಂದ. ಅದು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂದದ್ದು. ಕುಳಿತು ನಿರ್ಣಯಿಸುವ ಸಭೆ ಎಂಬುದು ಅದರ ಅರ್ಥ. 13ನೆಯ ಶತಮಾನದ ಇಂಗ್ಲೆಂಡಿನಲ್ಲಿ ಮಾರುವ ರೊಟ್ಟಿಯ ತೂಕವನ್ನು ಗೊತ್ತುಪಡಿಸಿದ ಕಾನೂನಿಗೂ ಅಸೈಜ್ ಎಂದೇ ಹೆಸರು. ಗೊತ್ತುಪಡಿಸಿದ ಪ್ರಮಾಣವೇ ಕ್ರಮೇಣ ‘ಸೈಜ್’ ಆಯಿತು. ಅಂಟಿನ ‘ಸೈಜ್’ ಕೂಡ ಇದೇ ಕುಲದ್ದಿರಬೇಕೆಂದು ನಿಘಂಟುಕಾರರ ಊಹೆ. ಬಂಗಾರದ ರೇಕನ್ನು ಕೂರಿಸಲು ಚಿತ್ರಕಾರರು ಬಳಿಯುತ್ತಿದ್ದ ಅಂಟಿಗೆ ಆ ಹೆಸರಿತ್ತು. ಮೂಲದಲ್ಲಿರುವುದು ಕುಳಿತುಕೊಳ್ಳುವುದೆಂಬ ಅರ್ಥದ ಲ್ಯಾಟಿನ್ ಧಾತು. ಅದು ಸಂಸ್ಕೃತದ ‘ಸದ್’ ಧಾತುವಿನ ಒಡಹುಟ್ಟು. ನಮ್ಮ ಸದನ, ಸಂಸತ್ತು, ಉಪನಿಷತ್ತುಗಳೆಲ್ಲ ಆ ಧಾತುವಿನವೇ. ಗಂಜಿಯ ತೊಟ್ಟಿಗೂ ಉಪನಿಷತ್ತಿಗೂ ಇಂಥ ದೂರದ ನೆಂಟಸ್ತಿಕೆ ಇದ್ದೀತೆಂದು ಯಾರು ಬಲ್ಲರು!

ಕೊಡುಕೊಳುವಿಕೆ ಒಂದೇ ಕಡೆಯದಲ್ಲ. ನಮ್ಮ ದ್ರಾವಿಡ ‘ಗಂಜಿ’ ಇಂಗ್ಲಿಷಿನಲ್ಲಿ ‘ಕಾಂಜಿ’ಯಾಗಿ ನೆಲೆಸಿದೆ. 1886ರ ‘ಹಾಬ್ಸನ್ ಜಾಬ್ಸನ್’ ಕೋಶದಲ್ಲಿ ಅದಕ್ಕೆ ಜಾಗವಿದೆ. ನಮ್ಮ ಅಗಸರು ಬಟ್ಟೆಗೆ ಹಾಕುವುದು ಇದನ್ನೇ ಎಂಬ ಮಾತೂ ಅಲ್ಲಿದೆ. ಬಾಸೆಲ್ ಮಿಶನ್ನಿನ ಕಥೆಯೂ ಸ್ಮರಣೀಯ. ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ಆ ಮಿಶನ್ನೇ ಅದೇ ಊರಿನಲ್ಲಿ ನೇಯ್ಗೆಯ ಕಾರ್ಖಾನೆಯನ್ನೂ ನಡೆಸುತ್ತಿತ್ತು. ಪದಕೋಶವೂ ಮಗ್ಗವೂ ಒಂದೇ ಸೂರಿನ ಆಶ್ರಯದಲ್ಲಿದ್ದವು. ನಮ್ಮ ತರಗತಿಯಲ್ಲಿ ಮಾತ್ರ ಅವೆರಡನ್ನೂ ನಾವು ಬೇರೆ ಮಾಡಿದ್ದೆವು.

ಮಕ್ಕಳಿಗಾಗಿ ಬಳಕೆಯನ್ನೂ ಹೇಳಿಬಿಡುತ್ತೇವೆ. ಗಂಜಿಯ ಅರ್ಥದಲ್ಲಿ ‘ಸೈಜ್’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ‘ಹೀ ಸೈಜಸ್ ದ ವಾರ್ಪ್’ ಎಂದರೆ ಅವನು ಹಾಸಿಗೆ ಗಂಜಿ ಕೊಡುತ್ತಾನೆ ಎಂದರ್ಥ. ‘ಸೈಜಿಂಗ್’ ಎಂಬುದು ಆ ಕ್ರಿಯೆಯ ಹೆಸರು. ನಮ್ಮೂರಲ್ಲಿ ಕೆಲಸ ನಡೆಯುವ ಜಾಗವನ್ನೂ ‘ಸೈಜಿಂಗ್’ ಎನ್ನುತ್ತೇವೆ; ಅದು ಇಲ್ಲಿಯ ರೂಢಿ, ಪರೀಕ್ಷೆಯಲ್ಲಿ ಬರೆಯುವಾಗ ‘ಸೈಜಿಂಗ್ ಮಿಲ್’ ಎನ್ನುವುದು ಲೇಸು. ಹುಡುಗನ ವಾಕ್ಯವನ್ನು ಕೊಂಚ ತಿದ್ದಬಹುದಿತ್ತು, ಆದರೆ ಅದು ತಪ್ಪಾಗಿರಲಿಲ್ಲ.

ನಾವು ಮರುದಿನ ತರಗತಿಯಲ್ಲಿ ನಮ್ಮ ತಪ್ಪನ್ನು ಒಪ್ಪಿಕೊಂಡು ಉತ್ತರಪತ್ರಿಕೆಯ ಮೇಲೆ ಅಂಕವನ್ನು ತಿದ್ದಿದೆವು. ಅಂಕಪಟ್ಟಿ ಅಷ್ಟರಲ್ಲಿ ಕಚೇರಿಗೆ ಹೋಗಿಯಾಗಿತ್ತು. ಆ ಬೇಸಗೆಯ ನಂತರ ಹುಡುಗ ಶಾಲೆಗೆ ಬರಲಿಲ್ಲ, ತಂದೆಯ ಜೊತೆಗೆ ಕೆಲಸಕ್ಕೆ ಸೇರಿದನೆಂದು ತಿಳಿಯಿತು. ಮನೆಯ ಬಡತನ ದೊಡ್ಡದಿತ್ತು; ನಮ್ಮ ಸೊನ್ನೆಯೇ ಕಾರಣವೆಂದು ಹೇಳಲಾರೆವು. ಕಾರಣವಲ್ಲವೆಂದು ಹೇಳುವ ಧೈರ್ಯವೂ ನಮಗೆ ಈ ವಯಸ್ಸಿನವರೆಗೆ ಬಂದಿಲ್ಲ. ಅಂದಿನಿಂದ ನಿವೃತ್ತಿಯವರೆಗೆ, ಉತ್ತರ ವಿಚಿತ್ರವಾಗಿ ಕಂಡಾಗಲೆಲ್ಲ ಕೆಂಪು ಶಾಯಿ ಮುಟ್ಟುವ ಮೊದಲು “ನಿಮ್ಮ ಮನೆಯಲ್ಲಿ ಏನು ಕೆಲಸ ಮಾಡ್ತಾರೆ?” ಎಂದು ಕೇಳುವುದನ್ನು ರೂಢಿಸಿಕೊಂಡೆವು.

ಹಾಸು, ಹೊಕ್ಕು, ಲಾಳಿ, ಹಣಿಗೆ, ಕಂಡಿಕೆ, ಗಂಜಿ: ಈ ಮಾತುಗಳು ನಮ್ಮ ಹಿರಿಯರ ಬಾಯಲ್ಲಿ ಇನ್ನೂ ಇವೆ. ಸಂಘದ ತರುಣರು ಅವರ ಬಳಿ ಕುಳಿತು ಇವನ್ನು ಬರೆದಿಟ್ಟುಕೊಳ್ಳಲಿ, ಪಕ್ಕದಲ್ಲಿ ಇಂಗ್ಲಿಷ್ ಪದವನ್ನೂ ಮರಾಠಿ ಪದವನ್ನೂ ಬರೆಯಲಿ. ಮುಂದಿನ ಸಮ್ಮೇಳನದ ಹೊತ್ತಿಗೆ ಒಂದು ಸಣ್ಣ ಪದಪಟ್ಟಿ ಸಿದ್ಧವಾದರೆ, ಅದರ ಮೊದಲ ಪ್ರತಿಯನ್ನು ಯಾರ ಮನೆಗೆ ಒಯ್ದು ಕೊಡಬೇಕೆಂಬುದನ್ನು ನಾವು ಬಲ್ಲೆವು.