ಜೈತೂನ್ ಪಟ್ಟಣದ ಕಲ್ಲುಗಳು

ಮಧ್ಯಯುಗದ ಅರಬ್ಬೀ ನಾವಿಕರು ಜೈತೂನ್ ಎಂದು ಕರೆಯುತ್ತಿದ್ದ ರೇವುಪಟ್ಟಣವು ಚೀನಾದೇಶದ ಆಗ್ನೇಯ ಕರಾವಳಿಯಲ್ಲಿ, ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ತುಸುವೇ ಉತ್ತರದಲ್ಲಿ, ತೈವಾನ್ ದ್ವೀಪಕ್ಕೆ ಇದಿರಾಗಿ ಇರುವುದು. ಅದರ ಚೀನೀ ಹೆಸರು ಚ್ವಾನ್‌ಚೌ. ಪ್ರಾಂತದ ಹೆಸರು ಫೂಜಿಯನ್. ಬೇಸಗೆಯಲ್ಲಿ ಸೆಕೆಯೂ ಮಳೆಯೂ ಕೂಡಿದ, ಚಳಿಗಾಲದಲ್ಲಿ ಹಿಮದ ಬಾಧೆಯಿಲ್ಲದ ಆ ಸೀಮೆಯ ಹವೆಯು ನಮ್ಮ ಕರಾವಳಿಯವರಿಗೆ ತೀರ ಹೊಸದೆನಿಸಲಾರದು. ಅರಬ್ಬಿಯಲ್ಲಿ ಜೈತೂನ್ ಎಂದರೆ ಆಲಿವ್ ಹಣ್ಣು. ಹದಿನಾಲ್ಕನೆಯ ಶತಮಾನದಲ್ಲಿ ಅಲ್ಲಿಗೆ ಹೋದ ಪ್ರವಾಸಿ ಇಬನ್ ಬತೂತನು, ಹೆಸರು ಹೀಗಿದ್ದರೂ ಊರಿನಲ್ಲಿ ಆ ಹಣ್ಣೇ ಇಲ್ಲವೆಂದು ಬರೆದಿರುವನು. ಹತ್ತನೆಯ ಶತಮಾನದಲ್ಲಿ ಊರಿನ ಕೋಟೆಯನ್ನು ಹಿಗ್ಗಿಸಿದಾಗ ಅದರ ಸುತ್ತಲೂ ನೆಟ್ಟ ಕೆಂಪು ಹೂವಿನ ಮುಳ್ಳುಮರಕ್ಕೆ ಚೀನೀಯರು ತ್ಸತುಂಗ್ ಎನ್ನುವರು; ಆ ಶಬ್ದವೇ ಅರಬ್ಬರ ಬಾಯಲ್ಲಿ ಜೈತೂನ್ ಆಯಿತೆಂದು ವಿದ್ವಾಂಸರ ಮತ. ಆ ಮರವಾದರೋ ನಮ್ಮ ತೋಟಗಳಲ್ಲಿ ಒಳ್ಳೆಮೆಣಸಿನ ಬಳ್ಳಿಗೆ ಆಸರೆಯಾಗಿ ನಿಲ್ಲಿಸುವ ಹಾಲವಾಣವೇ. ಮೆಣಸು ಹಬ್ಬುವ ಮರದ ಹೆಸರು ಮೆಣಸು ಮಾರುವ ಊರಿಗೆ ಬಂದುದು ಕೇವಲ ಕಾಕತಾಳೀಯ. ಆದರೂ ನೆನಪಿಡುವುದಕ್ಕೆ ಅನುಕೂಲವಾಗಿದೆ.

ಇಬನ್ ಬತೂತನು ಚೀನಾಕ್ಕೆ ಹೋಗುವ ಮುನ್ನ ಹೊನ್ನಾವರ, ಬಾರಕೂರು, ಮಂಗಳೂರುಗಳನ್ನು ಕಂಡವನು. ಮಂಗಳೂರಿನ ಮೆಣಸು ಶುಂಠಿಗಳ ಸಮೃದ್ಧಿಯನ್ನು ಅವನು ವರ್ಣಿಸಿರುವನು. ಮುಂದೆ ಕಲ್ಲಿಕೋಟೆಯಲ್ಲಿ ಅವನು ಲಂಗರು ಹಾಕಿದ್ದ ಚೀನೀ ಹಡಗುಗಳನ್ನು ನೋಡಿದನು. ಅಂತಹ ಹಡಗುಗಳನ್ನು ಕಟ್ಟುವ ಎರಡೇ ಊರುಗಳಲ್ಲಿ ಜೈತೂನ್ ಒಂದೆಂದು ಅವನ ಹೇಳಿಕೆ. ಅವನಿಗಿಂತ ಅರ್ಧ ಶತಮಾನ ಹಿಂದಿನವನಾದ ಮಾರ್ಕೋ ಪೋಲೋ, ಮೆಣಸು ತುಂಬಿದ ಹಡಗು ಅಲೆಕ್ಸಾಂಡ್ರಿಯಕ್ಕೆ ಒಂದು ಹೋದರೆ ಜೈತೂನಿಗೆ ನೂರು ಬರುವುವೆಂದನು. ವರ್ತಕರ ಬಾಯ ಲೆಕ್ಕದಲ್ಲಿ ಉತ್ಪ್ರೇಕ್ಷೆ ಸಹಜವಷ್ಟೆ. ಆದರೆ ೧೯೭೪ರಲ್ಲಿ ಊರ ಹೊರಗಿನ ಹೌಚು ರೇವಿನ ಕೆಸರಿನಿಂದ ತೆಗೆದ ಹಡಗೊಂದು ಈ ಮಾತಿಗೆ ಸಾಕ್ಷಿ ನುಡಿಯಿತು. ೧೨೭೦ರ ದಶಕದಲ್ಲಿ ಮುಳುಗಿದ ಅದರ ಉಳಿದ ಭಾಗವೇ ೨೪ ಮೀಟರು ಉದ್ದವಿರುವುದು. ನೀರು ಒಂದರಿಂದ ಇನ್ನೊಂದಕ್ಕೆ ನುಗ್ಗದಂತೆ ಹಲಗೆಯ ಗೋಡೆಗಳಿಂದ ಬೇರ್ಪಡಿಸಿದ ೧೩ ಕೋಣೆಗಳು ಅದರ ಒಡಲಿನಲ್ಲಿವೆ. ಸರಕೇನೆಂದರೆ, ೨೦೦೦ ಕಿಲೋಗ್ರಾಮಿಗೂ ಮಿಕ್ಕ ಸುಗಂಧದ ಕಟ್ಟಿಗೆ, ಧೂಪದ್ರವ್ಯ, ಪಾದರಸ, ಆಮೆಯ ಚಿಪ್ಪು, ಒಳ್ಳೆಮೆಣಸು ಮತ್ತು ಅಡಿಕೆ.

ಈ ವ್ಯಾಪಾರವು ರಾಜಾಶ್ರಯವಿಲ್ಲದೆ ಬೆಳೆದುದಲ್ಲ. ಸುಂಗ್ ಅರಸರು ೧೦೮೭ರಲ್ಲಿ ಇಲ್ಲಿ ಸಮುದ್ರವ್ಯಾಪಾರದ ಕಚೇರಿಯೊಂದನ್ನು ಸ್ಥಾಪಿಸಿ, ಬಂದ ಸರಕಿನ ಮೇಲೆ ಸುಂಕವನ್ನೆತ್ತಿದರು. ಆ ಕಚೇರಿಯ ಅಧಿಕಾರಿಯಾಗಿದ್ದ ಚಾವೋ ಝುಕುವಾ ಎಂಬವನು ೧೨೨೫ರಲ್ಲಿ ಪರದೇಶಗಳನ್ನು ಕುರಿತು ಗ್ರಂಥವನ್ನು ಬರೆದನು. ಅವನು ಸಮುದ್ರಯಾನ ಮಾಡಿದವನಲ್ಲ. ರೇವಿನಲ್ಲಿಯೇ ಕುಳಿತು ನಾವಿಕರನ್ನು ಕೇಳಿ ಕೇಳಿ ಬರೆದನು. ಹಿಂದೂದೇಶದ ಬಿಕ್ಷುವೊಬ್ಬನು ೯೮೪-೯೮೮ರ ನಡುವೆ ಹಡಗಿನಲ್ಲಿ ಬಂದನೆಂದೂ, ಪರದೇಶದ ವರ್ತಕರು ಅವನಿಗೆ ಚಿನ್ನ ರತ್ನಗಳನ್ನು ಕೊಡಲು ಮುಗಿಬಿದ್ದರೆಂದೂ, ಅವನು ಅದರಿಂದ ಊರ ತೆಂಕಣ ಹೊರವಲಯದಲ್ಲಿ ನೆಲವನ್ನು ಕೊಂಡು ವಿಹಾರವನ್ನು ಕಟ್ಟಿಸಿದನೆಂದೂ ನಮಗೆ ತಿಳಿಯುವುದು ಈತನಿಂದಲೇ.

ಹಾಯಿಹಡಗಿನ ಕಾಲದಲ್ಲಿ ಗಾಳಿಯೇ ಯಜಮಾನ. ಚಳಿಗಾಲದ ಈಶಾನ್ಯದ ಗಾಳಿಯಲ್ಲಿ ಹಡಗುಗಳು ಹೊರಡಬೇಕು. ಬೇಸಗೆಯ ನೈಋತ್ಯದ ಗಾಳಿಯಲ್ಲಿ ಮರಳಬೇಕು. ಆದುದರಿಂದ ಅಧಿಕಾರಿಗಳು ವರ್ಷಕ್ಕೆರಡು ಸಲ ಪಟ್ಟಣದ ಪಡುವಲಿನ ಜ್ಯೂರಿ ಬೆಟ್ಟಕ್ಕೆ ಹೋಗಿ ಗಾಳಿಗಾಗಿ ಪ್ರಾರ್ಥಿಸುವರು. ಪ್ರಾರ್ಥನೆ ಮುಗಿದ ಮೇಲೆ ತಮ್ಮ ಹೆಸರುಗಳನ್ನೂ ದಿನವನ್ನೂ ಬಂಡೆಯ ಮೇಲೆ ಕೆತ್ತಿಸುವರು. ೧೧೭೪ರಿಂದ ೧೨೬೬ರವರೆಗಿನ ಅಂತಹ ೧೦ ಬರಹಗಳು ಈಗಲೂ ಇರುವುವು. ಸರಕಾರದ ವರಮಾನವು ಗಾಳಿಯನ್ನು ನಂಬಿತ್ತೆಂಬುದಕ್ಕೆ ಇದಕ್ಕಿಂತ ನೇರವಾದ ದಾಖಲೆ ಬೇಕಿಲ್ಲ.

ಊರಿನ ಮೂಡಣಕ್ಕೆ ಲೋಯಾಂಗ್ ಹೊಳೆಯ ಅಳಿವೆಯಲ್ಲಿರುವ ಕಲ್ಲುಸೇತುವೆಯ ಬಳಿ ತುಸು ಹೆಚ್ಚು ಹೊತ್ತು ನಿಲ್ಲಬೇಕು. ಉಬ್ಬರವಿಳಿತಗಳ ಸೆಳೆತದಲ್ಲಿ ಕಂಬ ನಿಲ್ಲದ ಸ್ಥಳವದು. ಕಾಮಗಾರಿ ೧೦೫೩ರಲ್ಲಿ ತೊಡಗಿ ೧೦೫೯ರಲ್ಲಿ ಮುಗಿಯಿತು. ಪಟ್ಟಣದ ಅಧಿಪತಿಯೂ ಚೀನಾದ ಹೆಸರಾಂತ ಲಿಪಿಕಾರರಲ್ಲೊಬ್ಬನೂ ಆದ ತ್ಸಾಯ್ ಶ್ಯಾಂಗನು ಅದರ ವೃತ್ತಾಂತವನ್ನು ೧೫೩ ಅಕ್ಷರಗಳಲ್ಲಿ ಬರೆದು ಕಲ್ಲಿಗೇರಿಸಿದನು: ಎಂದು ತೊಡಗಿತು, ಎಂದು ಮುಗಿಯಿತು, ನೀರಿಗೆ ಬಿಟ್ಟ ದಾರಿಗಳು ೪೭, ವೆಚ್ಚವಾದುದು ಒಂದು ಕೋಟಿ ನಲವತ್ತು ಲಕ್ಷ ನಾಣ್ಯ. ಇಷ್ಟು ದೊಡ್ಡ ಕಾರ್ಯವನ್ನು ಇಷ್ಟು ಕಡಿಮೆ ಮಾತಿನಲ್ಲಿ ಹೇಳಿದ ಅಧಿಕಾರಿಗಳು ವಿರಳ. ಹೊಳೆಯ ತಳದಲ್ಲಿ ಸೇತುವೆಯ ಸಾಲಿಗೇ ಕಲ್ಲುಗಳನ್ನು ಸುರಿದು ಅಗಲವಾದ ಅಡಿಪಾಯವನ್ನು ಮಾಡಿದರು. ಆ ಕಲ್ಲುಗಳ ಮೇಲೆ ಜೀವಂತ ಸಿಂಪಿಗಳನ್ನು ಸಾಕಿದರು. ಬಂಡೆಗೆ ಕಚ್ಚಿಕೊಂಡು ಬೆಳೆಯುವುದು ಸಿಂಪಿಯ ಸ್ವಭಾವ. ಚಿಪ್ಪನ್ನು ಸುಟ್ಟು ಸುಣ್ಣ ಮಾಡಿ ಗೋಡೆ ಕಟ್ಟಿದವರು ನಾವು. ಅವರು ಪ್ರಾಣಿಯನ್ನು ಸುಡದೆಯೇ ಅದರಿಂದ ಗಾರೆಯ ಕೆಲಸವನ್ನು ಮಾಡಿಸಿಕೊಂಡರು. ಭಾರವಾದ ತೊಲೆಗಲ್ಲುಗಳನ್ನು ಉಬ್ಬರದಲ್ಲಿ ತೆಪ್ಪದ ಮೇಲೆ ತೇಲಿಸಿ ತಂದು, ಇಳಿತದಲ್ಲಿ ಕಂಬಗಳ ಮೇಲೆ ತಾವಾಗಿಯೇ ಕೂರುವಂತೆ ಮಾಡಿದರು. ಜನರ ಕಥೆಯಾದರೋ ಬೇರೆ: ಅಧಿಪತಿಯು ಸಮುದ್ರರಾಜನಿಗೆ ಓಲೆ ಕಳುಹಿಸಿದನಂತೆ, ಉತ್ತರವಾಗಿ ‘ಸಿರ್ಕಾ’ ಎಂಬರ್ಥದ ಒಂದೇ ಅಕ್ಷರ ಬಂದಿತಂತೆ, ಅದನ್ನು ಬಿಡಿಸಿ ಓದಿದಾಗ ನೀರು ಇಳಿಯುವ ದಿನವೂ ಹೊತ್ತೂ ದೊರೆತುವಂತೆ. ಇಂಜಿನಿಯರನ ಬುದ್ಧಿಗಿಂತ ಪಂಡಿತನ ಬುದ್ಧಿಯನ್ನೇ ಕಥೆಗಾರರು ಮೆಚ್ಚಿದಂತೆ ತೋರುತ್ತದೆ.

ಇನ್ನು ಪಟ್ಟಣದ ನಡುವಣ ಕೈಯುವಾನ್ ವಿಹಾರ. ೬೮೬ರಲ್ಲಿ ಹಿಪ್ಪುನೇರಳೆಯ ತೋಟವೊಂದರಲ್ಲಿ ಹುಟ್ಟಿದ ಈ ಬೌದ್ಧ ವಿಹಾರದ ಎರಡು ಶಿಲಾಗೋಪುರಗಳು ಊರಿನ ಗುರುತು. ಪಡುವಣದ್ದು ೧೨೨೮-೧೨೩೭ರಲ್ಲಿಯೂ, ಸುಮಾರು ೪೮ ಮೀಟರು ಎತ್ತರದ ಮೂಡಣದ್ದು ೧೨೩೮-೧೨೫೦ರಲ್ಲಿಯೂ ಕಲ್ಲಿನಲ್ಲಿ ಕಟ್ಟಲ್ಪಟ್ಟುವು. ೧೬೦೪ರ ಮಹಾಭೂಕಂಪವು ಅವನ್ನು ಬೀಳಿಸಲಿಲ್ಲ. ಪಡುವಣ ಗೋಪುರದ ಮೇಲೆ ಖಡ್ಗ ಹಿಡಿದ ವಾನರವೀರನೊಬ್ಬನಿರುವನು. ಅವನನ್ನು ನಮ್ಮ ಹನುಮಂತನಿಗೆ ಹೋಲಿಸುವವರುಂಟು. ಮುಖ್ಯ ಮಂದಿರದ ಒಳಗೆ ತೊಲೆಗಳನ್ನು ಹೊತ್ತು, ವಾದ್ಯಗಳನ್ನು ಹಿಡಿದ ೨೪ ರೆಕ್ಕೆಯ ಸುಂದರಿಯರಿರುವರು. ಬೇಲೂರನ್ನು ಕಂಡವರಿಗೆ ಮದನಿಕೆಯರ ನೆನಪು ಬಂದೇ ಬರುವುದು. ನೆನಪು ಬಂದಿತೆಂದು ಸಂಬಂಧವನ್ನು ಕಲ್ಪಿಸುವುದು ಸಲ್ಲದು.

ಸಂಬಂಧವಿರುವುದು ಮಂದಿರದ ಹಿಂಭಾಗದಲ್ಲಿ. ಅಲ್ಲಿನ ಮೊಗಸಾಲೆಯಲ್ಲಿ ಹದಿನಾರು ಮೂಲೆಯ ಎರಡು ಕಂಬಗಳಿವೆ. ಉಳಿದ ಕಂಬಗಳಿಗೂ ಇವಕ್ಕೂ ಜಾತಿಯೇ ಬೇರೆ. ಅವುಗಳ ಮೈಮೇಲಿನ ದುಂಡುಹಲಗೆಗಳನ್ನು ನಮ್ಮ ಮನೆಯ ಹುಡುಗರೂ ಓದಬಲ್ಲರು. ಹಿರಣ್ಯಕಶಿಪುವಿನ ಒಡಲನ್ನು ಬಗೆಯುವ ನರಸಿಂಹ; ಒರಳಿಗೆ ಕಟ್ಟಿಸಿಕೊಂಡು ಜೋಡಿಮರಗಳನ್ನು ಕೆಡವುವ ಬಾಲಕೃಷ್ಣ; ಗಜೇಂದ್ರನನ್ನು ಕಾಯಲು ಗರುಡನೇರಿ ಬರುವ ವಿಷ್ಣು. ಇದಿರಿನ ಜಗಲಿಯ ಅಡಿಯಲ್ಲಿ ಸಿಂಹಗಳೂ ಮನುಷ್ಯಮುಖದ ಸಿಂಹಗಳೂ ಕೂಡಿ ಎಪ್ಪತ್ತಕ್ಕೂ ಮಿಕ್ಕ ಉಬ್ಬುಚಿತ್ರಗಳಿರುವುವು. ಪಟ್ಟಣದಲ್ಲಿದ್ದ ಹಿಂದೂ ದೇವಾಲಯವೊಂದು ಹಾಳಾದ ಮೇಲೆ ಅದರ ಕಲ್ಲುಗಳನ್ನು ತಂದು, ಮಂದಿರದ ಜೀರ್ಣೋದ್ಧಾರದ ಕಾಲದಲ್ಲಿ ಇಲ್ಲಿ ಜೋಡಿಸಿರುವರು. ಆನಂದ ಕುಮಾರಸ್ವಾಮಿಯವರು ೧೯೩೩ರಲ್ಲಿ ಈ ಶಿಲ್ಪಗಳನ್ನು ಕುರಿತು ಬರೆದ ಲೇಖನದಿಂದ ಹೊರಜಗತ್ತಿನ ವಿದ್ವಾಂಸರ ಗಮನವು ಇತ್ತ ತಿರುಗಿತು. ಮರುವರ್ಷವೇ ಊರಿನಲ್ಲಿ ವಿಷ್ಣುವಿನ ಶಿಲಾಮೂರ್ತಿಯೊಂದು ದೊರೆಯಿತು.

ದೇವಾಲಯವನ್ನು ಕಟ್ಟಿದವರ ಸುಳಿವು ಸಿಕ್ಕಿದುದು ೧೯೫೬ರಲ್ಲಿ ಹೊರಬಂದ ಶಿಲಾಶಾಸನದಿಂದ. ತಮಿಳಿನಲ್ಲಿ ಬರೆದು ಕೊನೆಯ ಸಾಲನ್ನು ಚೀನೀ ಲಿಪಿಯಲ್ಲಿ ಕೆತ್ತಿದ ಆ ಕಲ್ಲಿನ ಕಾಲ ಶಕ ೧೨೦೩, ಅಂದರೆ ಕ್ರಿ. ಶ. ೧೨೮೧ರ ಎಪ್ರಿಲ್. ಸಂಬಂಧಪೆರುಮಾಳ್ ಎಂಬವನು, ಖಾನನ ಫರ್ಮಾನಿಗನುಸಾರವಾಗಿ, ಆ ಖಾನನ ಕ್ಷೇಮಕ್ಕಾಗಿ, ತಿರುಕ್ಕದಲೀಶ್ವರಂ ದೇವರ ಪ್ರತಿಷ್ಠೆ ಮಾಡಿಸಿದನು. ಆ ಖಾನನು ಮಂಗೋಲ ಚಕ್ರವರ್ತಿ ಕುಬ್ಲಾಯಿಯೇ ಎಂದು ತಿಳಿಯಲಾಗಿದೆ. ಇಂತಹ ಕುರುಹು ದೊರೆತೊಡನೆ ‘ಸಾಗರದಾಚೆಯ ಹಿಂದೂ ವಸಾಹತು’ ಎಂದು ಹಿಗ್ಗುವ ರೂಢಿ ನಮ್ಮಲ್ಲಿ ಒಂದು ಕಾಲಕ್ಕೆ ಬಲವಾಗಿತ್ತು. ಶಾಸನವು ಹೇಳುವುದು ಅದಲ್ಲ. ಪರರಾಜನ ಅಪ್ಪಣೆಯನ್ನು ಪಡೆದು, ಅವನ ಆರೋಗ್ಯವನ್ನು ಹಾರೈಸಿ, ಬಾಡಿಗೆಯ ನೆಲದಲ್ಲಿ ಬದುಕುವ ಪರದೇಶಿಯ ಎಚ್ಚರಿಕೆಯಿಂದ ತನ್ನ ದೇವರನ್ನು ನಿಲ್ಲಿಸಿದ ವರ್ತಕಸಮುದಾಯವೊಂದರ ಮಾತು ಅದು. ಶಿಲ್ಪಗಳ ಕಲ್ಲು ಆ ಸೀಮೆಯದೇ. ಉಳಿಯನ್ನು ಹಿಡಿದ ಕೈಗಳೂ ಬಹುಮಟ್ಟಿಗೆ ಅಲ್ಲಿಯವೇ ಎಂದು ತಜ್ಞರು ಹೇಳುವರು. ತಮಿಳರು ಹೇಳಿದ ಕಥೆಯನ್ನು ಕೇಳಿ ಚೀನೀ ಕಲ್ಲುಕುಟಿಗನು ನರಸಿಂಹನನ್ನು ಕೆತ್ತಿದನೆಂಬುದು, ವಸಾಹತಿನ ಹೆಮ್ಮೆಗಿಂತ ನನಗೆ ಹೆಚ್ಚು ಪ್ರಿಯವಾದ ಸಂಗತಿ.

ಆ ಎಚ್ಚರಿಕೆಯಾದರೂ ಕೊನೆಗೆ ಫಲಿಸಲಿಲ್ಲ. ಮಂಗೋಲರ ಪ್ರಭುತ್ವವು ಕುಸಿಯುತ್ತಿದ್ದಾಗ, ೧೩೫೭ರಲ್ಲಿ ಇಸ್ಪಾಹ್ ಎಂಬ ಪಾರಸಿಕ ದಂಡಿನವರು ದಂಗೆಯೆದ್ದು ಪಟ್ಟಣವನ್ನು ವಶಪಡಿಸಿಕೊಂಡರು. ಒಂಬತ್ತು ವರ್ಷ ಯುದ್ಧ ನಡೆಯಿತು. ೧೩೬೬ರಲ್ಲಿ ಊರು ಮರಳಿ ಕೈಸೇರಿದಾಗ ಪರದೇಶದವರ ಕೊಲೆಯಾಯಿತು. ಎತ್ತರದ ಮೂಗಿನ ಕಾರಣಕ್ಕಾಗಿ ಪರದೇಶದವರಲ್ಲದವರೂ ತಪ್ಪಿ ಹತರಾದರೆಂದು ಅಲ್ಲಿನ ಮನೆತನವೊಂದರ ವಂಶಾವಳಿಯಲ್ಲಿ ಬರೆದಿದೆ. ಗುಡಿ ಮಸೀದಿಗಳು ಬಿದ್ದುವು. ಬಳಿಕ ಬಂದ ಮಿಂಗ್ ಅರಸರು ಖಾಸಗಿಯವರ ಸಮುದ್ರವ್ಯಾಪಾರವನ್ನು ನಿಷೇಧಿಸಿದರು. ರೇವಿನಲ್ಲಿ ಹೂಳು ತುಂಬಿತು. ೧೦೦೯ರಲ್ಲಿ ಹುಟ್ಟಿ, ೧೩೧೦ರಲ್ಲಿ ಶಿರಾಜಿನವನೊಬ್ಬನಿಂದ ಜೀರ್ಣೋದ್ಧಾರವಾದ ಮಸೀದಿಯ ಕಲ್ಲಿನ ಹೆಬ್ಬಾಗಿಲು ಮಾತ್ರ ಈಗಲೂ ಗಂಭೀರವಾಗಿ ನಿಂತಿದೆ. ಅದರ ಹಳೆಯ ಪ್ರಾರ್ಥನಾಮಂದಿರಕ್ಕೆ ಮಾಡಿಲ್ಲ, ಗೋಡೆಗಳ ನಡುವೆ ಆಕಾಶವಿದೆ. ಅಲ್ಲಿಯೇ ೧೪೦೭ರ ರಾಜಾಜ್ಞೆಯ ಶಿಲೆಯೂ ಇರುವುದು: ಮುಸಲ್ಮಾನರನ್ನು ಯಾರೂ ಪೀಡಿಸಕೂಡದೆಂದು. ಕೊಲೆಯಾಗಿ ೪೧ ವರ್ಷಗಳಾದ ಮೇಲೆ ಬಂದ ಆಜ್ಞೆ.

ಸತ್ತವರ ಗೋರಿಗಲ್ಲುಗಳನ್ನೂ ಬಿದ್ದ ಗುಡಿಗಳ ಕಂಬಗಳನ್ನೂ ಕೋಟೆಯ ದುರಸ್ತಿಗೆ ಬಳಸಿದರು. ಇದು ಅವಮಾನವೆಂದು ಹೇಳುವುದು ಸುಲಭ. ಆದರೆ ಬಯಲಿನಲ್ಲಿ ಬಿದ್ದ ಕಲ್ಲು ಒಡೆದು ಜಲ್ಲಿಯಾಗುವುದು. ಗೋಡೆಯೊಳಗೆ ಮುಖ ಒಳಗಾಗಿ ಕುಳಿತ ಕಲ್ಲು ಐನೂರು ವರ್ಷ ಮಳೆಬಿಸಿಲುಗಳಿಂದ ಪಾರಾಗುವುದು. ನಮ್ಮಲ್ಲಿಯೂ ಅಗಸನ ಕಲ್ಲಾಗಿಯೋ ಕೆರೆಯ ಸೋಪಾನವಾಗಿಯೋ ಉಳಿದ ಶಾಸನಗಳೆಷ್ಟೋ! ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ರಸ್ತೆಗಾಗಿಯೂ ಅನಂತರ ಜಪಾನಿನ ಯುದ್ಧದ ನಿಮಿತ್ತವಾಗಿಯೂ ಕೋಟೆಯನ್ನು ಕೆಡವಿದಾಗ ಅರಬ್ಬೀ ಬರಹದ ಗೋರಿಗಳು, ತಾವರೆಯ ಮೇಲೆ ಶಿಲುಬೆಯನ್ನಿಟ್ಟು ಪಕ್ಕದಲ್ಲಿ ರೆಕ್ಕೆಯ ದೇವದೂತರನ್ನು ಕೆತ್ತಿದ ಕ್ರೈಸ್ತ ಶಿಲೆಗಳು, ಶಿವಲಿಂಗದ ಹಲಗೆಗಳು ಒಂದರ ಮೇಲೊಂದರಂತೆ ಹೊರಬಂದುವು. ಜೈತೂನಿನ ಬಿಷಪನಾಗಿದ್ದ ಪೆರೂಜಿಯದ ಆಂಡ್ರೂವಿನ ಗೋರಿಗಲ್ಲು ೧೯೪೬ರಲ್ಲಿ ಸಿಕ್ಕಿತು. ಇವನ್ನು ಕಲ್ಲುಕುಟಿಗರ ಕೈಯಿಂದ ತಪ್ಪಿಸಿದವನು ವೂ ವೆನ್‌ಲ್ಯಾಂಗ್ ಎಂಬ ಶಾಲಾ ಉಪಾಧ್ಯಾಯ. ಅವನು ಕಲಿಸುತ್ತಿದ್ದುದು ಜೀವಶಾಸ್ತ್ರ. ಇತಿಹಾಸವು ಅವನ ವೃತ್ತಿಯಲ್ಲ. ಸ್ವಂತ ಹಣದಿಂದ ಕಲ್ಲುಗಳನ್ನು ಕೊಂಡು ಕೂಡಿಹಾಕಿ, ಅವನ್ನು ಸಾರ್ವಜನಿಕರಿಗೆ ಒಪ್ಪಿಸಿ, ೧೯೫೭ರಲ್ಲಿ ಅವುಗಳ ಮೇಲೆ ಪುಸ್ತಕವನ್ನು ಪ್ರಕಟಿಸಿದನು. ೧೯೫೯ರಲ್ಲಿ ಸ್ಥಾಪಿತವಾದ ಸಮುದ್ರಯಾನ ವಸ್ತುಸಂಗ್ರಹಾಲಯದ ಹೆಚ್ಚಳಕ್ಕೆ ಅವನ ಕಲ್ಲುಗಳೇ ತಳಹದಿ. ಯುನೆಸ್ಕೋ ಸಂಸ್ಥೆಯು ೨೦೨೧ರಲ್ಲಿ ಈ ಪಟ್ಟಣದ ೨೨ ಸ್ಥಳಗಳನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಇನ್ನು ಕೆಲವು ಕಲ್ಲುಗಳಿಗೆ ವಸ್ತುಸಂಗ್ರಹಾಲಯದ ಹಂಗೇ ಬೇಕಾಗಲಿಲ್ಲ. ಊರಿನ ದಕ್ಷಿಣಕ್ಕೆ ಬೆಟ್ಟವೊಂದರ ಮಡಿಲಲ್ಲಿ ತ್ಸಾವೊ-ಆನ್ ಎಂಬ ಚಿಕ್ಕ ಗುಡಿಯಿದೆ. ಅಲ್ಲಿ ಬಂಡೆಯಲ್ಲಿ ಕೆತ್ತಿದ, ಸುತ್ತಲೂ ಕಿರಣಗಳುಳ್ಳ, ಗಡ್ಡದ ಆಸೀನಮೂರ್ತಿಗೆ ಜನರು ಬುದ್ಧನೆಂದು ಕೈಮುಗಿಯುತ್ತ ಬಂದಿರುವರು. ಆತನು ಬುದ್ಧನಲ್ಲ, ಮೂರನೆಯ ಶತಮಾನದಲ್ಲಿ ಪಾರಸಿಕದೇಶದಲ್ಲಿ ಬೆಳಕಿನ ಮತವನ್ನು ಬೋಧಿಸಿ ಸೆರೆಯಲ್ಲಿ ಸತ್ತ ಮಾನಿ. ಮೂರ್ತಿಯ ಕಾಲ ೧೩೩೯. ರೋಮಿನಿಂದ ಚೀನಾದವರೆಗೆ ಹಬ್ಬಿ, ಎಲ್ಲೆಲ್ಲಿಯೂ ಹಿಂಸೆಗೊಳಗಾಗಿ ಅಳಿದ ಆ ಮತದ ಪ್ರವರ್ತಕನಿಗೆ ಹಳೆಯ ಶಿಲಾಮೂರ್ತಿಯೆಂದು ಜಗತ್ತಿನಲ್ಲಿ ಉಳಿದುದು ಇದೊಂದೇ. ಬುದ್ಧನ ಹೆಸರಿನಲ್ಲಿ ಬಚ್ಚಿಟ್ಟುಕೊಂಡುದರಿಂದ ಉಳಿಯಿತು.

ಪಟ್ಟಣದ ಬಳಿಯ ಚೆತ್ಯೆನ್ ಎಂಬ ಹಳ್ಳಿಯಲ್ಲಿ ಇದರ ತಂಗಿಯಂತಹ ಇನ್ನೊಂದು ಮೂರ್ತಿಯಿದೆ. ಚಿಕ್ಕ ಗುಡಿಯೊಳಗೆ ನಾಲ್ಕು ಕೈಯ ದೇವಿ, ಎರಡು ಪಕ್ಕಗಳಲ್ಲಿ ಪರಿಚಾರಕಿಯರು, ಪಾದದಡಿಯಲ್ಲಿ ರಾಕ್ಷಸ. ಯಾವುದೋ ಹಿಂದೂ ಗುಡಿಯ ಗೋಡೆಯಿಂದ ಬಂದ ಶಿಲ್ಪವೆಂಬುದು ನೋಡಿದೊಡನೆ ತಿಳಿಯುತ್ತದೆ. ಹಳ್ಳಿಯವರಿಗೆ ಆಕೆ ಕರುಣಾದೇವತೆ ಕ್ವಾನ್‌ಯಿನ್. ಆಕೆಯ ಮುಂದೆ ಊದುಬತ್ತಿ ಹಚ್ಚಿ, ಹಣ್ಣುಗಳನ್ನಿಟ್ಟು, ತಮ್ಮ ಅಜ್ಜಂದಿರೂ ಹೀಗೆಯೇ ಮಾಡುತ್ತಿದ್ದರೆಂದು ಬಂದವರಿಗೆ ಹೇಳುವರು.