ಕಾಕಾನ ಟ್ಯಾಕ್ಸಿ ಮತ್ತು ಮುಂಬಯಿಯ ಹೊಗೆ



ಶಾಲೆಯಲ್ಲಿ ವಾಯುಮಾಲಿನ್ಯದ ಪಾಠ ಬಂದಾಗಲೆಲ್ಲ ನನಗೆ ಮುಂಬಯಿಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ ನಮ್ಮ ಕಾಕಾ ನೆನಪಾಗುತ್ತಾರೆ. ತೊಂಬತ್ತರ ದಶಕದಲ್ಲಿ ಬೇಸಿಗೆ ರಜೆ ಬಂತೆಂದರೆ ರಾತ್ರಿ ಮಿರಜದಲ್ಲಿ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹತ್ತುವುದು, ಬೆಳಿಗ್ಗೆ ದಾದರದಲ್ಲಿ ಇಳಿಯುವುದು. ಕಾಕಾ ತಮ್ಮ ಕಪ್ಪು-ಹಳದಿ ಪದ್ಮಿನಿಯೊಂದಿಗೆ ಕಾಯುತ್ತಿದ್ದರು. ಪೆಟ್ರೋಲ್ ಇಂಜಿನ್ ತೆಗೆಸಿ ಡೀಸೆಲ್ ಇಂಜಿನ್ ಕೂಡಿಸಿದ ಗಾಡಿ ಅದು. ಡೀಸೆಲ್ ಅಗ್ಗ, ಹೊಟ್ಟೆಪಾಡಿನ ಲೆಕ್ಕ. ಆದರೆ ಸಂಜೆ ಅವರು ಮುಖ ತೊಳೆದರೆ ಬಚ್ಚಲಿನ ನೀರು ಕಪ್ಪಾಗುತ್ತಿತ್ತು.

ಈ ಹೊಗೆ ಕಡಿಮೆಯಾಗಿದ್ದು ನ್ಯಾಯಾಲಯದ ದಾರಿಯಿಂದ. ಎಂ.ಸಿ. ಮೆಹ್ತಾ ಎಂಬ ವಕೀಲರು 1985ರಲ್ಲಿ ಹೂಡಿದ ದಾವೆಯ ಮೇಲೆ ಸುಪ್ರೀಂ ಕೋರ್ಟು 1998ರ ಜುಲೈ 28ರಂದು, ದೆಹಲಿಯ ಬಸ್ಸುಗಳು ಮತ್ತು ಹಳೆಯ ಆಟೋ, ಟ್ಯಾಕ್ಸಿಗಳು ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಆದೇಶಿಸಿತು. ಬಸ್ಸುಗಳು ಕೊಟ್ಟ ಗಡುವು ಮೀರಿದವು. 2002ರ ಏಪ್ರಿಲ್‌ನಲ್ಲಿ ಕೋರ್ಟು ಡೀಸೆಲ್ ಬಸ್ಸಿಗೆ ದಿನಕ್ಕೆ 500 ರೂಪಾಯಿ ದಂಡ ಹಾಕಿದ ಮೇಲೆಯೇ ಕೆಲಸ ಮುಗಿಯಿತು. ಮುಂಬಯಿಯಲ್ಲಿಯೂ 1999ರಲ್ಲಿ ಹೊಗೆಯಿಂದ ಬಳಲಿದ ನಿವಾಸಿಗಳ ವೇದಿಕೆಯೊಂದು ಹೈಕೋರ್ಟಿಗೆ ಹೋಯಿತು. ಸಾರಿಗೆ ಆಯುಕ್ತ ವಿ.ಎಂ. ಲಾಲ್ ಅವರ ಸಮಿತಿ ನೇಮಕವಾಯಿತು. ಮುಂದೆ ಹಳೆಯ ಟ್ಯಾಕ್ಸಿಗಳು ಸಿ.ಎನ್.ಜಿ.ಗೆ ಬದಲಾಗಬೇಕಾಯಿತು.

ಸಿ.ಎನ್.ಜಿ. ಎಂದರೆ ಮುಖ್ಯವಾಗಿ ಮೀಥೇನ್ ಅನಿಲ. ಅದನ್ನು ಗಾಳಿಯ ಒತ್ತಡದ ಸುಮಾರು 200 ಪಟ್ಟು ಒತ್ತಿ ಸಿಲಿಂಡರಿಗೆ ತುಂಬುತ್ತಾರೆ. ಮನೆಯ ಗ್ಯಾಸ್ ಅಲ್ಲ ಅದು (ಮಕ್ಕಳು ಪ್ರತಿ ವರ್ಷ ಇದನ್ನೇ ಕೇಳುತ್ತಾರೆ!). ಉರಿದರೆ ಮಸಿ ಬಹಳ ಕಡಿಮೆ. ಮುಂಬಯಿಯ ಪಶ್ಚಿಮದ ಕಡಲೊಳಗೆ 1974ರಲ್ಲಿ ಸಿಕ್ಕ 'ಬಾಂಬೆ ಹೈ' ಕ್ಷೇತ್ರ ನಿಮಗೆ ಗೊತ್ತು. ಅದೇ ಕಡಲಿನ ಅನಿಲ ಹಜೀರಾದ ಕೊಳವೆಯಿಂದ ಉತ್ತರಕ್ಕೂ ಹೋಯಿತು. ಮುಂಬಯಿಯಲ್ಲಿ ಹಂಚಲು 1995ರಲ್ಲಿ ಮಹಾನಗರ ಗ್ಯಾಸ್ ಕಂಪನಿ ಹುಟ್ಟಿತು.

ಆದೇಶ ಒಳ್ಳೆಯದೇ. ಆದರೆ ಕಿಟ್ಟಿನ ಖರ್ಚು? ಕಾಕಾ ಡೀಸೆಲ್ ಇಂಜಿನ್ ಇಳಿಸಿ ಮತ್ತೆ ಪೆಟ್ರೋಲ್ ಇಂಜಿನ್ ಹಾಕಿಸಿ ಕಿಟ್ ಕೂಡಿಸಿದರು, ಸಾಲ ಮಾಡಿದರು. ಆ ವರ್ಷ ದೀಪಾವಳಿಗೆ ಊರಿಗೆ ಬರಲಿಲ್ಲ. ಡಿಕ್ಕಿಯ ತುಂಬ ಸಿಲಿಂಡರ್, ಪ್ರಯಾಣಿಕರ ಟ್ರಂಕು ಮೇಲಿನ ಕ್ಯಾರಿಯರ್‌ಗೆ. ಅನಿಲದ ಪಂಪುಗಳು ಆಗ ಕಡಿಮೆ. ಅರ್ಧ ದಿನ ಪಾಳಿಯಲ್ಲೇ ಕಳೆದದ್ದುಂಟು. ದೆಹಲಿಯ ಆಟೋದವರೂ ರಾತ್ರಿಯಿಡೀ ಹೀಗೆಯೇ ನಿಂತಿದ್ದರು. ಹೊಗೆ ಎಲ್ಲರದು, ಸಾಲ ಮಾತ್ರ ಚಾಲಕನದು. ನಮ್ಮ ಪಾಠಗಳಲ್ಲಿ ಈ ಮಾತು ಬರುವುದೇ ಇಲ್ಲ.

ಹಾಗೆಂದು ದಂಡವಾಯಿತೆನ್ನಲಾರೆ. ಟ್ಯಾಕ್ಸಿಯ ಕಪ್ಪು ಹೊಗೆ ನಿಂತಿತು, ಕಾಕಾನ ಕೆಮ್ಮೂ ತಗ್ಗಿತು. ಆದರೆ ಖಾಸಗಿ ಕಾರು, ಮೋಟಾರ್ ಸೈಕಲ್ಲುಗಳು ಬೆಳೆದ ಬಗೆಗೆ, ಕಟ್ಟಡಗಳ ಧೂಳಿಗೆ ಯಾವ ಕಿಟ್ಟೂ ಇಲ್ಲವಲ್ಲ. ದೆಹಲಿಯ ಚಳಿಗಾಲ ಈಗಲೂ ಸುದ್ದಿಯಾಗುತ್ತದೆ. ನಮ್ಮ ಸಾಂಗಲಿ-ಮಿರಜದಲ್ಲಿಯೂ ಈಗ ಸಿ.ಎನ್.ಜಿ. ಸಿಗುತ್ತದೆ.

ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್‌ನಲ್ಲಿ ತಾಡದೇವ ಆರ್.ಟಿ.ಓ.ದಲ್ಲಿ ನೋಂದಣಿಯಾಗಿತ್ತು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಅದೂ ರಸ್ತೆಯಿಂದ ಇಳಿಯಿತು. ಊರಲ್ಲಿರುವ ಕಾಕಾನಿಗೆ ಪತ್ರಿಕೆಯ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, "ಕ್ಯಾರಿಯರ್ ಇನ್ನೂ ಗಟ್ಟಿ ಐತಿ ನೋಡೋ ತಮ್ಮಾ" ಎಂದರು.